ಎರಡು ದಡಗಳ ನಡುವೆ: ಮೊಸ್ತಾರ್‌ನ ಹಳೆಯ ಸೇತುವೆ ಕಲಿಸುವ ಪಾಠ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯಲ್ಲಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ವಿಷಯ ಏನಿರಲಿ ಸರ್ ಎಂದೆ. "ಶಿಕ್ಷಣದ ಬಗ್ಗೆ ಏನಾದರೂ ಹೇಳಿ ಟೀಚರ್, ಮಕ್ಕಳಿಗೆ ಬೇಜಾರಾಗಬಾರದು ಅಷ್ಟೆ" ಎಂದರು. ಶಿಕ್ಷಣದ ಮಹತ್ವದ ಬಗ್ಗೆ ಈ ವೇದಿಕೆಯಿಂದ ಪ್ರತಿ ವರ್ಷವೂ ನೀವು ಕೇಳುತ್ತಲೇ ಬಂದಿದ್ದೀರಿ. ಆದ್ದರಿಂದ ಈ ಸಲ ಒಂದು ಸೇತುವೆಯ ಕಥೆ ಹೇಳುತ್ತೇನೆ. ಕಥೆ ಎಂದೆನಾದರೂ ಇದು ಇತಿಹಾಸ. ಕೊನೆಗೆ ಇದು ಶಾಲೆಯ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂಬುದನ್ನು ನೀವೇ ನೋಡುವಿರಿ.

ಊರಿಗೆ ಹೆಸರು ಕೊಟ್ಟ ಸೇತುವೆ

ಯೂರೋಪಿನ ಆಗ್ನೇಯ ಭಾಗದಲ್ಲಿ ಬೋಸ್ನಿಯಾ–ಹರ್ಜೆಗೊವಿನಾ ಎಂಬ ಚಿಕ್ಕ ದೇಶವಿದೆ. ಅಲ್ಲಿ ಬೆಟ್ಟಗಳ ನಡುವೆ ನೆರೆತ್ವಾ ಎಂಬ ನದಿ ಹರಿಯುತ್ತದೆ. ಹಸಿರು ಬಣ್ಣದ ನೀರು, ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗೆ. ಆ ನದಿಯ ಎರಡೂ ದಡಗಳಲ್ಲಿರುವ ಊರು ಮೊಸ್ತಾರ್. 2013ರ ಜನಗಣತಿಯಲ್ಲಿ ಸುತ್ತಮುತ್ತಲ ಹಳ್ಳಿಗಳೂ ಸೇರಿ ಅದರ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮ ಯಾವುದಾದರೂ ಸಣ್ಣ ಜಿಲ್ಲಾ ಕೇಂದ್ರವನ್ನು ನೆನೆದುಕೊಳ್ಳಿ.

ಅಲ್ಲಿನ ಭಾಷೆಯಲ್ಲಿ 'ಮೋಸ್ತ್' ಎಂದರೆ ಸೇತುವೆ, ನಮ್ಮ ಉರ್ದುವಿನ ಪುಲ್. ಸೇತುವೆಯನ್ನು ಕಾಯುವವರಿಗೆ 'ಮೊಸ್ತಾರಿ' ಎನ್ನುತ್ತಾರೆ. ಊರಿನ ಹೆಸರು ಬಂದದ್ದು ಅವರಿಂದ. ಅರಸನ ಹೆಸರಿನ ಊರುಗಳಿವೆ, ದೇವರ ಹೆಸರಿನ ಊರುಗಳಿವೆ. ಸೇತುವೆ ಕಾಯುವ ಕಾವಲುಗಾರರ ಹೆಸರನ್ನು ಇಟ್ಟುಕೊಂಡ ಊರು ಅಪರೂಪ.

15ನೆಯ ಶತಮಾನದಲ್ಲಿ ಅಲ್ಲಿದ್ದದ್ದು ಮರದ ಸೇತುವೆ. ಸರಪಳಿಗಳಿಗೆ ತೂಗುಹಾಕಿದ್ದ ಅದು ಕಾಲಿಟ್ಟರೆ ಉಯ್ಯಾಲೆಯಂತೆ ಆಡುತ್ತಿತ್ತು, ದಾಟುವವರ ಜೀವ ಬಾಯಿಗೆ ಬರುತ್ತಿತ್ತು ಎಂದು 17ನೆಯ ಶತಮಾನದ ತುರ್ಕಿ ವಿದ್ವಾಂಸ ಕಾತಿಬ್ ಚೆಲೆಬಿ ಬರೆದಿಟ್ಟಿದ್ದಾರೆ. ಉಸ್ಮಾನಿಯಾ ಸಾಮ್ರಾಜ್ಯದ ಆಳ್ವಿಕೆ ಅಲ್ಲಿಗೆ ಬಂದು ವ್ಯಾಪಾರ ಬೆಳೆದಂತೆ ಮರದ ಸೇತುವೆ ಸಾಲದಾಯಿತು. ಊರಿನವರು ಕಲ್ಲಿನ ಸೇತುವೆಗಾಗಿ ಸುಲ್ತಾನರಲ್ಲಿ ಮನವಿ ಮಾಡಿಕೊಂಡರು. ಆಗ ಸುಲ್ತಾನರಾಗಿದ್ದವರು ಸುಲೈಮಾನ್, ಕಾನೂನಿ ಎಂದು ಪ್ರಸಿದ್ಧರಾದವರು. 1557ರಲ್ಲಿ ಅಪ್ಪಣೆಯಾಯಿತು.

ಒಂಬತ್ತು ವರ್ಷ, ಒಂದು ಕಮಾನು

ಕೆಲಸ ವಹಿಸಿಕೊಂಡವರು ಮಿಮಾರ್ ಹೈರುದ್ದೀನ್. ಉರ್ದು ಓದುವ ಮಕ್ಕಳು ಈ ಹೆಸರಿನ ಮೊದಲ ಪದವನ್ನು ಗುರುತಿಸಿರಬೇಕು. ನಾವು 'ಮೇಮಾರ್' ಎನ್ನುವುದು ಇದನ್ನೇ. ಮೇಮಾರ್ ಎಂದರೆ ಕಟ್ಟುವವನು. ನಮ್ಮ ಸಭೆಗಳಲ್ಲಿ ಶಿಕ್ಷಕರನ್ನು 'ಕೌಮ್ ಕೆ ಮೇಮಾರ್' ಎಂದು ಹೊಗಳುವುದುಂಟಲ್ಲ, ಅದೇ ಪದ. ಇಸ್ತಾಂಬುಲ್‌ನ ಸುಲೈಮಾನಿಯಾ ಮಸೀದಿಯನ್ನು ಕಟ್ಟಿದ ಮಹಾಶಿಲ್ಪಿ ಸಿನಾನ್ ಅವರ ಶಿಷ್ಯರು ಈ ಹೈರುದ್ದೀನ್.

ಅವರ ಮುಂದಿದ್ದ ಕೆಲಸ ಸುಲಭದ್ದಲ್ಲ. ನದಿಯ ನಡುವೆ ಒಂದು ಕಂಬವೂ ಇಲ್ಲದೆ, ಈ ದಡದಿಂದ ಆ ದಡಕ್ಕೆ ಒಂದೇ ಕಲ್ಲಿನ ಕಮಾನು ಹಾಕಬೇಕು. ದೂರ ಸುಮಾರು 29 ಮೀಟರ್. ಅಗಲ ಸುಮಾರು 4 ಮೀಟರ್. ಬೇಸಿಗೆಯಲ್ಲಿ ನೀರಿನ ಮಟ್ಟದಿಂದ ಕಮಾನಿನ ನೆತ್ತಿ 20 ಮೀಟರಿಗೂ ಎತ್ತರ. ಹತ್ತಿರದ ಗಣಿಯಿಂದ 'ತೆನೆಲಿಯಾ' ಎಂಬ ತಿಳಿ ಬಣ್ಣದ ಕಲ್ಲು ತಂದರು. ಕಲ್ಲುಕಲ್ಲಿನ ನಡುವೆ ಕಬ್ಬಿಣದ ಹಿಡಿಕೆ ಕೂರಿಸಿ, ಕರಗಿಸಿದ ಸೀಸವನ್ನು ಹೊಯ್ದು ಭದ್ರಪಡಿಸಿದರು. ಕಮಾನಿನಲ್ಲಿ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಆ ಒತ್ತಡ ಕೊನೆಗೆ ಎರಡೂ ದಡಗಳ ಬುನಾದಿಗೆ ಹೋಗಿ ಸೇರುತ್ತದೆ. ಕಮಾನು ನಿಲ್ಲುವುದು ಕಲ್ಲುಗಳು ಒಂದನ್ನೊಂದು ಬಿಟ್ಟುಕೊಡದಿರುವುದರಿಂದ, ಮತ್ತು ದಡಗಳು ಕದಲದಿರುವುದರಿಂದ. ದಡಗಳ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಅದೇ ಊರಿನ ಒಂದು ಹೊಳೆಗೆ 1558ರ ಸುಮಾರಿಗೆ ಇದೇ ಬಗೆಯ ಒಂದು ಪುಟ್ಟ ಸೇತುವೆ ಕಟ್ಟಿದ್ದಾರೆ. ದೊಡ್ಡ ಕೆಲಸಕ್ಕೆ ಮುನ್ನ ಮಾಡಿದ ತಾಲೀಮು ಅದು ಎಂದು ಜನ ಹೇಳುತ್ತಾರೆ. ಇನ್ನೊಂದು ಕಥೆಯೂ ಇದೆ. ಆಸರೆಯ ಮರಗಳನ್ನು ಬಿಚ್ಚುವ ದಿನ ಸೇತುವೆ ಬಿದ್ದೇ ಹೋಗುತ್ತದೆಂದು ಹೆದರಿದ ಹೈರುದ್ದೀನ್ ತನ್ನ ಗೋರಿಯನ್ನು ತಾನೇ ತೋಡಿಟ್ಟುಕೊಂಡಿದ್ದರಂತೆ. ಇದು ದಂತಕಥೆ, ಇತಿಹಾಸವಲ್ಲ. ಆದರೆ ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ ನಿದ್ದೆಗೆಟ್ಟ ಮಕ್ಕಳಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಸೇತುವೆ ಬೀಳಲಿಲ್ಲ. 1566ರಲ್ಲಿ, ಹಿಜರಿ 974ರಲ್ಲಿ, ಅದು ಪೂರ್ಣಗೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸುಲ್ತಾನ್ ಸುಲೈಮಾನ್ ದೂರದ ಯುದ್ಧಭೂಮಿಯಲ್ಲಿ ತೀರಿಕೊಂಡರು. ನಮ್ಮ ಇತಿಹಾಸದೊಂದಿಗೆ ಹೊಂದಿಸಿಕೊಳ್ಳಬೇಕೆಂದರೆ, ತಾಳಿಕೋಟೆ ಯುದ್ಧ ನಡೆದು ಹಂಪೆ ಹಾಳಾದದ್ದು 1565ರಲ್ಲಿ. ಅದರ ಮರುವರ್ಷ ಅಲ್ಲಿ ಈ ಸೇತುವೆ ಎದ್ದು ನಿಂತಿತು.

ಸೇತುವೆಯ ಕೆಲಸ ಶುರುವಾದ 1557ರಲ್ಲೇ ಆ ಊರಿನಲ್ಲಿ ಕರಗೋಜ್ ಬೇಗ್ ಅವರ ಮಸೀದಿ ಪೂರ್ಣಗೊಂಡಿತು. ಮಸೀದಿಯ ಜೊತೆಗೇ ಒಂದು ಮದ್ರಸಾ. ನಮ್ಮ ಪೂರ್ವಿಕರ ಕಣ್ಣಿನಲ್ಲಿ ಬಾವಿ, ಸೇತುವೆ, ಛತ್ರ, ಶಾಲೆ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುವ ಕೆಲಸಗಳು. ಮನುಷ್ಯ ತೀರಿಕೊಂಡ ಮೇಲೂ ನಿಲ್ಲದೆ ಮುಂದುವರಿಯುವ ಪುಣ್ಯ ಮೂರರಲ್ಲಿದೆ ಎಂದು ಪ್ರವಾದಿ (ಸ) ಕಲಿಸಿದ್ದಾರೆ: ಸದಕಾ ಜಾರಿಯಾ, ಜನರಿಗೆ ಪ್ರಯೋಜನವಾಗುವ ವಿದ್ಯೆ, ತನಗಾಗಿ ಪ್ರಾರ್ಥಿಸುವ ಒಳ್ಳೆಯ ಸಂತಾನ. ಸೇತುವೆ ಮೊದಲನೆಯದಕ್ಕೆ ಸೇರಿದರೆ ಶಾಲೆ ಮೂರಕ್ಕೂ ಸೇರುತ್ತದೆ.

ಆಮೇಲಿನ ನಾನೂರು ವರ್ಷಗಳಲ್ಲಿ ರಾಜ್ಯಗಳು ಬಂದವು, ಹೋದವು. 1878ರಲ್ಲಿ ಆಸ್ಟ್ರಿಯಾ–ಹಂಗೇರಿಯವರು ಬಂದರು. ಆಮೇಲೆ ಯುಗೊಸ್ಲಾವಿಯಾ ಎಂಬ ದೇಶವಾಯಿತು. ಸೇತುವೆ ಅಲ್ಲೇ ಇತ್ತು. ಮುಸ್ಲಿಮರಾದ ಬೋಸ್ನಿಯಾಕರು, ಕ್ಯಾಥೊಲಿಕ್ಕರಾದ ಕ್ರೊಯೇಟರು, ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು ಅದರ ಮೇಲೆ ನಡೆದರು. ಬೇಸಿಗೆಯಲ್ಲಿ ಊರಿನ ಹುಡುಗರು ಸೇತುವೆಯ ನೆತ್ತಿಯಿಂದ ನದಿಗೆ ಹಾರುತ್ತಿದ್ದರು. 1968ರಿಂದ ಅದು ಪ್ರತಿವರ್ಷದ ಸ್ಪರ್ಧೆಯೇ ಆಯಿತು. 1991ರ ಜನಗಣತಿಯಂತೆ ಆ ಊರಿನಲ್ಲಿ ಬೋಸ್ನಿಯಾಕರು ಮೂರನೆಯ ಒಂದು ಭಾಗ, ಕ್ರೊಯೇಟರು ಸರಿಸುಮಾರು ಅಷ್ಟೇ, ಸರ್ಬರು ಐದನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಮೂವರ ಮಾತೂ ಒಬ್ಬರಿಗೊಬ್ಬರಿಗೆ ತಡೆಯಿಲ್ಲದೆ ಅರ್ಥವಾಗುವಂಥದ್ದು. ಆ ಮಾತಿನಲ್ಲಿ ಸೋಪಿಗೆ 'ಸಾಪುನ್', ಕಿಸೆಗೆ 'ಜೆಪ್', ಅಂಗಡಿಗೆ 'ದುಚಾನ್', ಕೇರಿಗೆ 'ಮಹಲಾ' ಎನ್ನುತ್ತಾರೆ. ನಮ್ಮ ಸಾಬೂನು, ಜೇಬು, ದುಕಾನು, ಮೊಹಲ್ಲಾಗಳ ನೆಂಟರು ಇವು. ಸಾಪುನ್, ಜೆಪ್, ದುಚಾನ್ ಎಂದು ಅಲ್ಲಿ ಮುಸ್ಲಿಮರೂ ಹೇಳುತ್ತಾರೆ, ಕ್ರೈಸ್ತರೂ ಹೇಳುತ್ತಾರೆ. ಪದಗಳು ಸೇತುವೆ ದಾಟುವಾಗ ಯಾರ ಜಾತಿಯನ್ನೂ ಕೇಳುವುದಿಲ್ಲ.

1993ರ ನವೆಂಬರ್ 9

ಯುಗೊಸ್ಲಾವಿಯಾ ಒಡೆಯಿತು. 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದಲ್ಲಿ ಯುದ್ಧ ಶುರುವಾಯಿತು. ಮೊದಲು ಯುಗೊಸ್ಲಾವ್ ಸೈನ್ಯ ಮತ್ತು ಸರ್ಬ್ ಪಡೆಗಳು ಮೊಸ್ತಾರ್ ಮೇಲೆ ಗುಂಡಿನ ಮಳೆಗರೆದವು. ಬೋಸ್ನಿಯಾಕರು, ಕ್ರೊಯೇಟರು ಜೊತೆಯಾಗಿ ಎದುರಿಸಿದರು. ಮರುವರ್ಷ, 1993ರ ಮೇ 9ರಂದು, ಜೊತೆಗಾರರೇ ಶತ್ರುಗಳಾದರು. ಕ್ರೊಯೇಟ್ ಪಡೆಗಳು ಪಶ್ಚಿಮ ದಡದ ಮುಸ್ಲಿಂ ಕುಟುಂಬಗಳನ್ನು ಮನೆಗಳಿಂದ ಹೊರಹಾಕಿದವು. ಸಾವಿರಾರು ಜನ ಪೂರ್ವ ದಡದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ನಲ್ಲಿಯಲ್ಲಿ ನೀರಿಲ್ಲ, ಕರೆಂಟಿಲ್ಲ. ನೀರು ತರಲು ಜನ ಕತ್ತಲಲ್ಲಿ ಹಳೆಯ ಸೇತುವೆ ದಾಟುತ್ತಿದ್ದರು. ಗುಂಡುಗಳಿಂದ ಸೇತುವೆಯನ್ನು ಉಳಿಸಿಕೊಳ್ಳಲು ಅದರ ಮೇಲೆ ತಗಡಿನ ಮಾಡು ಹಾಕಿದರು, ಪಕ್ಕಕ್ಕೆ ಹಳೆಯ ಟೈರುಗಳನ್ನು ಕಟ್ಟಿದರು. ಆ ಕಾಲದ ಚಿತ್ರಗಳಲ್ಲಿ ಸೇತುವೆ ಮೈತುಂಬಾ ಪಟ್ಟಿ ಕಟ್ಟಿಸಿಕೊಂಡ ಮುದುಕನಂತೆ ಕಾಣುತ್ತದೆ.

ನವೆಂಬರ್ 8ರಂದು ಕ್ರೊಯೇಟ್ ಪಡೆಯ ಒಂದು ಟ್ಯಾಂಕು ಸೇತುವೆಯನ್ನೇ ಗುರಿಯಾಗಿಟ್ಟು ಹೊಡೆಯತೊಡಗಿತು. ಮರುದಿನ, 9ರ ಬೆಳಿಗ್ಗೆ ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಕಮಾನು ಕುಸಿದು ನೆರೆತ್ವಾ ನದಿಗೆ ಬಿತ್ತು. ಕಟ್ಟಲು ಹಿಡಿದದ್ದು ಒಂಬತ್ತು ವರ್ಷ. ನಿಂತದ್ದು 427 ವರ್ಷ. ಕೆಡವಲು ಎರಡು ದಿನ ಸಾಕಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಯುದ್ಧದಲ್ಲಿ ಬಿದ್ದದ್ದು ನಮ್ಮವರ ಸೇತುವೆ, ನಮ್ಮವರ ಮಸೀದಿಗಳು ಮಾತ್ರ ಎಂದುಕೊಂಡರೆ ಅದು ಅರ್ಧ ಇತಿಹಾಸ. 1992ರಲ್ಲಿ ಅದೇ ಊರಿನ ಕ್ಯಾಥೊಲಿಕ್ ಚರ್ಚು ಸುಟ್ಟು ಹೋಯಿತು, ಸರ್ಬರ ದೊಡ್ಡ ಆರ್ಥೊಡಾಕ್ಸ್ ಚರ್ಚು ನೆಲಸಮವಾಯಿತು. ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಮಂಡಳಿ 2013ರಲ್ಲಿ ಆರು ಮಂದಿ ಬೋಸ್ನಿಯಾದ ಕ್ರೊಯೇಟ್ ನಾಯಕರನ್ನು ಅಪರಾಧಿಗಳೆಂದು ತೀರ್ಮಾನಿಸಿತು. 2017ರಲ್ಲಿ ಮೇಲ್ಮನವಿ ಪೀಠ ಅವರ ಶಿಕ್ಷೆಗಳನ್ನು ಎತ್ತಿಹಿಡಿಯಿತು. ಆದರೆ ಸೇತುವೆಯನ್ನು ಸೈನಿಕರೂ ಬಳಸುತ್ತಿದ್ದುದರಿಂದ ಅದನ್ನು ಕೆಡವಿದ್ದನ್ನು ಯುದ್ಧಾಪರಾಧವೆನ್ನಲಾಗದು ಎಂದಿತು. ಮುಂದೆ ಕಾನೂನು ಓದಬೇಕೆಂದಿರುವ ಮಕ್ಕಳು ಈ ತೀರ್ಪಿನ ಬಗ್ಗೆ ಯೋಚಿಸಿ ನೋಡಿ. ಕಾನೂನಿನ ಅಳತೆಗೆ ಸಿಗುವ ನಷ್ಟ ಬೇರೆ, ಸಿಗದ ನಷ್ಟ ಬೇರೆ.

ಮತ್ತೆ ಕಟ್ಟಿದರು

1994ರ ಮಾರ್ಚ್‌ನಲ್ಲಿ ಬೋಸ್ನಿಯಾಕರಿಗೂ ಕ್ರೊಯೇಟರಿಗೂ ಒಪ್ಪಂದವಾಯಿತು. 1995ರ ಕೊನೆಗೆ ಇಡೀ ಯುದ್ಧ ಮುಗಿಯಿತು. ಕಮಾನು ಇದ್ದ ಜಾಗದಲ್ಲಿ ತಾತ್ಕಾಲಿಕವಾಗಿ ತಂತಿಯ ತೂಗುಸೇತುವೆ ಹಾಕಿದ್ದರು. ಐನೂರು ವರ್ಷಗಳ ಹಿಂದಿನವರಂತೆ ಜನ ಮತ್ತೆ ತೂಗಾಡುತ್ತಾ ನದಿ ದಾಟಿದರು.

1997ರಲ್ಲಿ ಹಂಗೇರಿಯ ಸೈನ್ಯದ ಮುಳುಗುಗಾರರು ನದಿಯ ತಳದಿಂದ ಹಳೆಯ ಕಲ್ಲುಗಳನ್ನು ಎತ್ತಿದರು. ಅವುಗಳಲ್ಲಿ ಹೆಚ್ಚಿನವು ಮರುಬಳಕೆಗೆ ಬರುವಂತಿರಲಿಲ್ಲ. ಹಾಗಾಗಿ ಅದೇ ತೆನೆಲಿಯಾ ಕಲ್ಲನ್ನು ಹೊಸದಾಗಿ ಕಡಿದು, ಹಳೆಯ ರೀತಿಯಲ್ಲೇ ಕೆತ್ತಿ, ಕಬ್ಬಿಣದ ಹಿಡಿಕೆ ಇಟ್ಟು, ಸೀಸ ಹೊಯ್ದು ಕಟ್ಟಲು ನಿರ್ಧರಿಸಿದರು. ಯುನೆಸ್ಕೊ, ವಿಶ್ವಬ್ಯಾಂಕ್, ಆಗಾ ಖಾನ್ ಟ್ರಸ್ಟ್ ಕೈಜೋಡಿಸಿದವು. ತುರ್ಕಿ, ಇಟಲಿ, ನೆದರ್ಲೆಂಡ್ಸ್ ಹಣ ಕೊಟ್ಟವು. ಕ್ರೊಯೇಷಿಯಾ ದೇಶವೂ ಕೊಟ್ಟಿತು ಎಂಬುದನ್ನು ಗಮನಿಸಿ. 2001ರ ಜೂನ್‌ನಲ್ಲಿ ಕೆಲಸ ಆರಂಭವಾಯಿತು. ಮೊದಲು ಕೈಹಾಕಿದ್ದು ಕಮಾನಿಗಲ್ಲ. ಎರಡೂ ದಡಗಳಲ್ಲಿ ಬಿರುಕುಬಿಟ್ಟಿದ್ದ ಬುನಾದಿಯನ್ನು ಗಟ್ಟಿ ಮಾಡಿದ ಮೇಲೆಯೇ ಕಮಾನು ಎತ್ತಿದರು.

2004ರ ಜುಲೈ 23ರಂದು ಸೇತುವೆ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೊ ಅದನ್ನೂ ಸುತ್ತಲಿನ ಹಳೆಯ ಪಟ್ಟಣವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹುಡುಗರು ಮತ್ತೆ ನದಿಗೆ ಹಾರಿದರು. ಪ್ರವಾಸಿಗರು ಬಂದರು. ಸೇತುವೆಯ ಬಳಿ ಒಂದು ಕಲ್ಲಿನ ಮೇಲೆ, 93ನ್ನು ಮರೆಯಬೇಡಿ ಎಂದು ಬರೆದಿದೆ.

ಕಲ್ಲಿನಿಂದ ಕಟ್ಟಲಾಗದ ಸೇತುವೆ

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಚಪ್ಪಾಳೆ ತೆಗೆದುಕೊಂಡು ಕುಳಿತುಬಿಡಬಹುದಿತ್ತು. ಆದರೆ ನಾನು ಈ ವಿಷಯವನ್ನು ಆರಿಸಿಕೊಂಡದ್ದು ಇನ್ನು ಮುಂದಿನದಕ್ಕಾಗಿ.

ಸೇತುವೆ ಎದ್ದಿತು, ಊರು ಸೇರಲಿಲ್ಲ. 2008ರ ನಂತರ 2020ರ ಡಿಸೆಂಬರ್‌ವರೆಗೆ, ಹನ್ನೆರಡು ವರ್ಷ, ಆ ಊರಿನಲ್ಲಿ ನಗರಸಭೆಗೆ ಚುನಾವಣೆಯನ್ನೇ ನಡೆಸಲಾಗಲಿಲ್ಲ. ಯಾವ ನಿಯಮದಂತೆ ನಡೆಸಬೇಕೆಂಬುದರಲ್ಲಿ ಎರಡೂ ಕಡೆಯ ಪಕ್ಷಗಳಿಗೆ ಒಮ್ಮತವಿರಲಿಲ್ಲ.

ಅದಕ್ಕಿಂತ ಕಳವಳದ ವಿಷಯ ಶಾಲೆಗಳದ್ದು. ಯುದ್ಧದ ನಂತರ ಊರುಬಿಟ್ಟವರು ಮನೆಗೆ ಮರಳಿದಾಗ, ಬೋಸ್ನಿಯಾದ ಆ ಭಾಗದಲ್ಲಿ ಒಂದು ವ್ಯವಸ್ಥೆ ಹುಟ್ಟಿಕೊಂಡಿತು. ಅದರ ಹೆಸರೇ 'ಒಂದೇ ಸೂರಿನಡಿ ಎರಡು ಶಾಲೆ'. ಒಂದೇ ಕಟ್ಟಡ, ಎರಡು ಮುಖ್ಯೋಪಾಧ್ಯಾಯರು, ಎರಡು ಪಠ್ಯಕ್ರಮ. ಬೋಸ್ನಿಯಾಕ್ ಮಕ್ಕಳು ಒಂದು ಕಡೆ, ಕ್ರೊಯೇಟ್ ಮಕ್ಕಳು ಇನ್ನೊಂದು ಕಡೆ. ಕೆಲವೆಡೆ ಬೇರೆ ಬೇರೆ ಬಾಗಿಲು, ಕೆಲವೆಡೆ ಬೇರೆ ಬೇರೆ ಪಾಳಿ. ಮರಳಿದ ಮಕ್ಕಳಿಗೆ ಸದ್ಯಕ್ಕೆ ಶಾಲೆ ಸಿಗಲಿ ಎಂದು ಮಾಡಿದ ತಾತ್ಕಾಲಿಕ ಏರ್ಪಾಡು ಅದು. ಯೂರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ 2018ರ ವರದಿಯ ಪ್ರಕಾರ ಆಗಲೂ 28 ಜಾಗಗಳಲ್ಲಿ ಇಂಥ 56 ಶಾಲೆಗಳಿದ್ದವು. 2014ರಲ್ಲೇ ಆ ಭಾಗದ ಸುಪ್ರೀಂ ಕೋರ್ಟು ಇದು ತಾರತಮ್ಯವೆಂದು ಹೇಳಿತ್ತು.

ಮೊಸ್ತಾರ್‌ನ ಹೆಸರಾಂತ ಹಳೆಯ ಪ್ರೌಢಶಾಲೆ, ಅಲ್ಲಿನವರು ಅದನ್ನು ಗಿಮ್ನಾಜಿಯಾ ಎನ್ನುತ್ತಾರೆ, 2004ರಲ್ಲಿ, ಸೇತುವೆ ತೆರೆದ ವರ್ಷವೇ, ಒಂದೇ ಆಡಳಿತದ ಕೆಳಗೆ ಬಂತು. ಆದರೂ ಪಠ್ಯಕ್ರಮಗಳು ಎರಡಾಗಿಯೇ ಉಳಿದವು. ಅದೇ ಕಟ್ಟಡದಲ್ಲಿ 2006ರಿಂದ ಎಲ್ಲ ಸಮುದಾಯಗಳ ಮತ್ತು ಹೊರದೇಶಗಳ ಮಕ್ಕಳು ಜೊತೆಯಾಗಿ ಕಲಿಯುವ ಒಂದು ಅಂತಾರಾಷ್ಟ್ರೀಯ ಕಾಲೇಜು ನಡೆಯತೊಡಗಿತು ಎಂಬುದು ಸಮಾಧಾನದ ಮಾತು.

ಯೋಚಿಸಿ ನೋಡಿ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುವ ಮಕ್ಕಳು. ನಾಲ್ಕುನೂರು ವರ್ಷದ ಸೇತುವೆಯನ್ನು ಮೂರು ವರ್ಷದಲ್ಲಿ ಮತ್ತೆ ಕಟ್ಟಲು ಇಡೀ ಜಗತ್ತು ನೆರವಾಯಿತು. ಆದರೆ ಒಂದು ಬೆಂಚಿನ ಮೇಲೆ ಎರಡು ಮಕ್ಕಳನ್ನು ಕೂರಿಸಲು ಯಾವ ಇಂಜಿನಿಯರೂ ಸಹಾಯ ಮಾಡಲಾರ.

ಆ ಕೆಲಸಕ್ಕೆ ಮುಂದಾದವರು ಮಕ್ಕಳೇ. ಅದೇ ದೇಶದ ಯಾಯ್ತ್ಸೆ ಎಂಬ ಪುಟ್ಟ ಊರಿನಲ್ಲಿ ಪ್ರೌಢಶಾಲೆಯ ಮಕ್ಕಳು ಒಟ್ಟಿಗೆ ಓದುತ್ತಿದ್ದರು. 2016ರಲ್ಲಿ ಬೋಸ್ನಿಯಾಕ್ ಮಕ್ಕಳಿಗೆ ಬೇರೆ ಶಾಲೆ ಮಾಡುವ ಯೋಜನೆ ಹೊರಟಿತು. ನಮಗೆ ಬೇರೆಯಾಗುವುದು ಬೇಡ ಎಂದು ಬೋಸ್ನಿಯಾಕ್, ಕ್ರೊಯೇಟ್ ವಿದ್ಯಾರ್ಥಿಗಳು ಜೊತೆಯಾಗಿ ಬೀದಿಗೆ ಬಂದರು. ಕಲ್ಲೆಸೆಯಲಿಲ್ಲ, ಬಸ್ಸಿಗೆ ಬೆಂಕಿಯಿಡಲಿಲ್ಲ, ಹಿಡಿದ ಮಾತನ್ನು ಬಿಡಲೂ ಇಲ್ಲ. 2017ರಲ್ಲಿ ಯೋಜನೆಯನ್ನು ಕೈಬಿಡಬೇಕಾಯಿತು. 2018ರಲ್ಲಿ ಆ ಮಕ್ಕಳಿಗೆ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಶಸ್ತಿ ಬಂತು. ವಯಸ್ಸಿನಲ್ಲಿ ಅವರು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನಿಮ್ಮಂಥವರೇ.

ನಮ್ಮ ಅಂಗಳದಲ್ಲಿ

ಬೋಸ್ನಿಯಾದ ಕಥೆ ಇಲ್ಲೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಬೆಳಿಗ್ಗೆ ಬಲದಿಂದ ಎಡಕ್ಕೆ ಬರೆಸುವುದು, ಮಧ್ಯಾಹ್ನ ಎಡದಿಂದ ಬಲಕ್ಕೆ ಬರೆಸುವುದು ನನ್ನ ಕೆಲಸ. ನನ್ನ ಶಾಲೆಯ ಆವರಣದಲ್ಲಿ ಎರಡು ಶಾಲೆಗಳಿವೆ, ಒಂದು ಉರ್ದು ಮಾಧ್ಯಮ, ಒಂದು ಕನ್ನಡ ಮಾಧ್ಯಮ. ಒಂದೇ ಗೇಟು, ಒಂದೇ ನಲ್ಲಿ, ಒಂದೇ ಬೇವಿನ ಮರ. ಮೊಸ್ತಾರ್ ಬಗ್ಗೆ ಓದಿದ ಮರುದಿನ ನನ್ನ ಏಳನೆಯ ತರಗತಿಯ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ. ಪಕ್ಕದ ಶಾಲೆಯ ಮೂವರು ಮಕ್ಕಳ ಹೆಸರು ಹೇಳಿ. ಮೂವತ್ತೊಂದು ಮಕ್ಕಳಲ್ಲಿ ಇಬ್ಬರೇ ಹೇಳಿದರು, ಅದೂ ಅವರ ಮನೆಗಳು ಒಂದೇ ಬೀದಿಯಲ್ಲಿದ್ದುದರಿಂದ. ಉಳಿದವರಿಗೆ ಅವರು 'ಆ ಸ್ಕೂಲಿನವರು', ಅಷ್ಟೆ. ಮಕ್ಕಳನ್ನು ಬಯ್ಯಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು, ಆರು ವರ್ಷದಿಂದ ಅದೇ ಗೇಟಿನಲ್ಲಿ ಒಳಗೆ ಬರುತ್ತಿರುವ ನನಗೂ ಅಲ್ಲಿನ ಮಕ್ಕಳ ಹೆಸರು ಗೊತ್ತಿಲ್ಲ.

ನಮ್ಮಲ್ಲಿ ಯುದ್ಧವಾಗಿಲ್ಲ, ಅಲ್‌ಹಮ್ದುಲಿಲ್ಲಾಹ್. ಯಾರೂ ಯಾರನ್ನೂ ಬಲವಂತವಾಗಿ ಬೇರೆ ಕೂರಿಸಿಲ್ಲ. ಮಾತೃಭಾಷೆಯಲ್ಲಿ ಕಲಿಯುವುದು, ನಮ್ಮದೇ ಸಂಸ್ಥೆಗಳನ್ನು ನಡೆಸುವುದು ಸಂವಿಧಾನ ಕೊಟ್ಟ ಹಕ್ಕು, 30ನೆಯ ವಿಧಿ ಅದಕ್ಕಾಗಿಯೇ ಇದೆ. ಆದ್ದರಿಂದ ಎರಡು ಶಾಲೆ ಇರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಂದೇ ನಲ್ಲಿಯ ನೀರು ಕುಡಿಯುವ ಮಕ್ಕಳು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದೆ ಏಳು ವರ್ಷ ಕಳೆದು ಹೊರಗೆ ಹೋಗುವುದು ತಪ್ಪು.

ಪಕ್ಕದ ಶಾಲೆಯ ಶಿಕ್ಷಕಿಯ ಹತ್ತಿರ ಮಾತನಾಡಿದೆ. ಅವರಿಗೂ ಅದೇ ಅನ್ನಿಸಿತ್ತಂತೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಎರಡೂ ತರಗತಿಗಳನ್ನು ಬೇವಿನ ಮರದ ಕೆಳಗೆ ಕೂರಿಸಿದೆವು. ನಮ್ಮ ಮಕ್ಕಳು ಅವರ ಹೆಸರುಗಳನ್ನು ಉರ್ದುವಿನಲ್ಲಿ ಬರೆದುಕೊಟ್ಟರು, ಅವರು ನಮ್ಮ ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಟ್ಟರು. ತಮ್ಮ ಹೆಸರು ಇನ್ನೊಂದು ಲಿಪಿಯಲ್ಲಿ ಹೇಗೆ ಕಾಣುತ್ತದೆಂದು ನೋಡುವಾಗ ಆ ಮಕ್ಕಳ ಮುಖಗಳನ್ನು ನೀವು ನೋಡಬೇಕಿತ್ತು.

ಮುಂದಿನ ವಾರ ಒಬ್ಬ ಮಗುವಿನ ತಂದೆ ಬಂದರು. "ಟೀಚರ್, ತಪ್ಪು ತಿಳಿಯಬೇಡಿ. ಮಕ್ಕಳ ಬಾಯಲ್ಲಿ ಉರ್ದು ಉಳಿಯುವುದೇ ಕಷ್ಟವಾಗಿದೆ. ನೀವು ಹೀಗೆ ಬೆರೆಸಿದರೆ ನಮ್ಮ ಜಬಾನ್ ಏನಾಗುತ್ತದೆ?" ಎಂದರು. ಅವರ ಭಯ ಸುಳ್ಳಲ್ಲ. ಉರ್ದು ಶಾಲೆಗಳ ಹಾಜರಿ ಪುಸ್ತಕ ನೋಡಿದವರಿಗೆ ಆ ಭಯ ಗೊತ್ತಿದೆ. ಪಕ್ಕದ ಶಾಲೆಯವರಿಗೂ ಇಂಥದೇ ಭಯ ಇನ್ನೊಂದು ಬಗೆಯಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳೂ ಇಂಗ್ಲಿಷ್ ಶಾಲೆಗಳ ವ್ಯಾನು ಹತ್ತುತ್ತಿದ್ದಾರೆ.

ನಾನು ಅವರಿಗೆ ಸೇತುವೆಯ ಚಿತ್ರ ತೋರಿಸಿದೆ. "ಭಾಯಿ, ನೋಡಿ, ಈ ಸೇತುವೆ ನಿಂತಿರುವುದು ಎರಡು ದಡಗಳ ಮೇಲೆ. ಒಂದು ದಡ ಕುಸಿದರೂ ಸೇತುವೆ ನೀರುಪಾಲು. ನಿಮ್ಮ ಮಗಳ ಉರ್ದು ಗಟ್ಟಿಯಾಗಿರಬೇಕು, ಅದಕ್ಕೆ ನಾನು ಜವಾಬ್ದಾರಿ. ಅವಳ ಕನ್ನಡವೂ ಗಟ್ಟಿಯಾಗಿರಬೇಕು, ಅದಕ್ಕೂ ನಾನೇ ಜವಾಬ್ದಾರಿ. ದಡವನ್ನು ಅಗೆದು ಸೇತುವೆ ಕಟ್ಟಿ ಎಂದು ನಾನು ಹೇಳುವುದಿಲ್ಲ" ಎಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯದು. ಆದರೆ ಮಗಳನ್ನು ಶನಿವಾರ ಕಳಿಸುವುದನ್ನು ನಿಲ್ಲಿಸಲಿಲ್ಲ. ನನಗೆ ಅಷ್ಟು ಸಾಕು.

ಕೊನೆಯ ಮಾತು

ಪ್ರೀತಿಯ ವಿದ್ಯಾರ್ಥಿಗಳೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಕೈಗೆ ಪ್ರಶಸ್ತಿ ಪತ್ರಗಳು ಬರುತ್ತವೆ. ನಿಮ್ಮಲ್ಲಿ ಕೆಲವರು ಇಂಜಿನಿಯರಾಗುವಿರಿ, ಕಲ್ಲು ಕಬ್ಬಿಣದ ಸೇತುವೆ ಕಟ್ಟುವಿರಿ. ಕೆಲವರು ಡಿ.ಎಡ್., ಬಿ.ಎಡ್. ಮಾಡಿ ನನ್ನಂತೆ ಸೀಮೆಸುಣ್ಣ ಹಿಡಿಯುವಿರಿ. ಯಾವ ಕೆಲಸವಾದರೂ ಸರಿ, ಇವತ್ತು ಮನೆಗೆ ಹೋಗುವ ಮುನ್ನ ಒಂದು ಲೆಕ್ಕ ಹಾಕಿ. ನಿಮ್ಮ ದಡದಲ್ಲಿಲ್ಲದ ಎಷ್ಟು ಮಂದಿ ಗೆಳೆಯರ ಹೆಸರು ನಿಮಗೆ ಗೊತ್ತಿದೆ? ಅವರ ಮನೆಯಲ್ಲಿ ಯಾವ ಹಬ್ಬಕ್ಕೆ ಏನು ಮಾಡುತ್ತಾರೆ, ಅವರ ಅಜ್ಜಿಯ ಊರು ಯಾವುದು, ಅವರಿಗೆ ಯಾವ ವಿಷಯ ಕಷ್ಟ, ಇದು ನಿಮಗೆ ಗೊತ್ತೆ? ಜನಾಂಗಗಳನ್ನೂ ಬುಡಕಟ್ಟುಗಳನ್ನೂ ಮಾಡಿದ್ದು ಒಬ್ಬರನ್ನೊಬ್ಬರು ಅರಿಯಲಿ ಎಂದೇ ಎಂಬ ಕುರ್‌ಆನಿನ ಬೋಧನೆಯನ್ನು ನಾವು ಸಭೆಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅರಿಯುವುದು ಹೆಸರು ಕೇಳುವುದರಿಂದ ಶುರುವಾಗುತ್ತದೆ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ವರ್ಷ ನಾವು ಏರ್ಪಡಿಸುವ ಪ್ರಬಂಧ ಸ್ಪರ್ಧೆ, ರಸಪ್ರಶ್ನೆ, ಬೇಸಿಗೆ ಶಿಬಿರಗಳಿಗೆ ಊರಿನ ಎಲ್ಲ ಶಾಲೆಗಳ ಮಕ್ಕಳನ್ನೂ ಕರೆಯೋಣ. ಖರ್ಚು ಹೆಚ್ಚೇನೂ ಆಗದು. ಇನ್ನೂ ನಾಲ್ಕು ಚಾಪೆ ಹೆಚ್ಚು ಹಾಸಬೇಕಾಗಬಹುದು.

ಮೊಸ್ತಾರ್‌ನಲ್ಲಿ ಸೇತುವೆಗಿಂತ ಮೊದಲೇ ಸೇತುವೆ ಕಾಯುವವರಿದ್ದರು, ಊರಿಗೆ ಹೆಸರು ಬಂದದ್ದು ಅವರಿಂದ ಎಂದು ಆರಂಭದಲ್ಲಿ ಹೇಳಿದೆ. ಕಲ್ಲಿನ ಸೇತುವೆ ಆಮೇಲೆ ಬಂತು. ನಮ್ಮ ಊರಿನಲ್ಲೂ ಕಾಯುವವರು ಬೇಕಾಗಿದ್ದಾರೆ. ಆ ಕೆಲಸಕ್ಕೆ ಅರ್ಜಿ ಹಾಕಬೇಕಿಲ್ಲ, ಸಂದರ್ಶನವಿಲ್ಲ, ವಯೋಮಿತಿಯೂ ಇಲ್ಲ.

ಕಟ್ಟುವವರ ಸಾಲಿನಲ್ಲಿ ನಮ್ಮನ್ನು ಸೇರಿಸಲಿ, ಕೆಡವುವವರ ಸಾಲಿನಿಂದ ನಮ್ಮನ್ನೂ ನಮ್ಮ ಮಕ್ಕಳನ್ನೂ ದೂರವಿಡಲಿ ಎಂದು ಅಲ್ಲಾಹನಲ್ಲಿ ಬೇಡುತ್ತೇನೆ. ಆಮೀನ್.